ಕಲಬುರಗಿ ಸೂಪರ್ ಮಾರ್ಕೆಟ್ ಕಡಿ ಫ್ರೇಮ್ ಅಂಗಡಿ: ರೋರಿಕ್ ಚಿತ್ರ ಕೊಟ್ಟು ನೋಡಿದೆ

ಮೊದ್ಲೇ ಹೇಳಿಬಿಡ್ತೀನಿ. ಫ್ರೇಮ್ ಕೆಲಸ ಏಕದಂ ಛಲೋ, ಪ್ರಿಂಟ್ ಕೆಲಸ ಪಾಸ್ ಮಾರ್ಕ್ಸ್ ಅಷ್ಟೇ, ಟೈಮ್ ವಿಷಯ ಅಂತೂ ಕೇಳಬ್ಯಾಡ್ರಿ. ಬರೇ ಇಷ್ಟ ಬೇಕಾದವರು ಇಲ್ಲೇ ನಿಲ್ಲಬಹುದು. ಉಳಿದದ್ದು ಯಾರಿಗಂದ್ರ, ಮನಿಗರ ಸಾಲಿಗರ ಆಫೀಸಿಗರ ಛಂದ ಪೇಂಟಿಂಗ್ ಒಂದು ಹಾಕ್ಸಬೇಕು ಅಂತ ಇದ್ದವರಿಗಿ, ಅದರಾಗೂ ಮಂದಿ ಮುಖ ಇರೋ ಚಿತ್ರ ಹಾಕ್ಸೋರಿಗಿ. ಅಂಗಡಿ ಹೆಸರು ಹಾಕಾಂಗಿಲ್ಲ, ಹೊಗಳಿಕಿ ಜೋಡಿ ಬೈಗುಳನೂ ಅದ ಇದರಾಗ. ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಗೊಳಾಗ ಅಡ್ಡಾಡಿದವರಿಗಿ ಗೊತ್ತಾಗ್ತದ ಬಿಡ್ರಿ, ಹೊರಗ ಶರಣಬಸಪ್ಪಪ್ಪ, ಬಂದೇನವಾಜ್ ದರ್ಗಾ, ಬಸವಣ್ಣ, ಬಾಬಾಸಾಹೇಬರು, ತಿರುಪತಿ ತಿಮ್ಮಪ್ಪ ಎಲ್ಲಾರೂ ಒಂದೇ ಸಾಲಿನಾಗ ಕುಂತಿರ್ತಾರ, ಒಳಗ ಪಟ್ಟಿ ಕೊಯ್ಯೋ ಸಪ್ಪಳ.

ನಾ ಡ್ರಾಯಿಂಗ್ ಟೀಚರ್. ನಮ್ಮ ಸಾಲಿ ವರಾಂಡದ ಗ್ವಾಡಿ ಖಾಲಿ ಬಿದ್ದಿತ್ತು, ಹೆಡ್ ಮಾಸ್ತರು ನಾಯಕರ ಫೋಟೋ ಹಾಕೂನು ಅಂದ್ರು, ನಾ ಅಂದೆ ಅವು ಆಫೀಸ್ ರೂಮಿನಾಗ ಹೆಂಗೂ ಅವ ಸರ್, ಇಲ್ಲಿ ಚಿತ್ರಕಾರರ ಬಗ್ಗೆ ಹಾಕೂನು. ಅದರಾಗೂ ಊರು ಬಿಟ್ಟು ಹೋದವರು, ಊರು ಬಿಟ್ಟು ಬಂದವರು. ಯಾಕಂದ್ರ ನಮ್ಮ ಸಾಲಿ ಹುಡುಗರ ಮನ್ಯಾಗ ಅರ್ಧಕ್ಕರ್ಧ ಮಂದಿ ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗಿ ದುಡಿಲಿಕ್ಕ ಹೋದವರೇ. ಹೋದವರ ಪೈಕಿ ಎಸ್.ಎಂ. ಪಂಡಿತರು ಇದ್ದೇ ಇದ್ದಾರ, 1916ರಾಗ ಇದೇ ಊರಾಗ ಹುಟ್ಟಿ ಮುಂಬೈಗಿ ಹೋಗಿ ಸಿನಿಮಾ ಪಬ್ಲಿಸಿಟಿ, ಕ್ಯಾಲೆಂಡರ್ ದೇವರು ಅಂತ ಇಡೀ ದೇಶದ ಮನಿ ಗ್ವಾಡಿಗಿ ಹೋಗಿ ಕುಂತ ಮನುಷ್ಯ. ನಮ್ಮ ಹುಡುಗರಿಗಿ ಪಂಡಿತ ರಂಗಮಂದಿರ ಅಂದ್ರ ನಾಟಕ, ಗ್ಯಾದರಿಂಗ್, ಸನ್ಮಾನ ನಡಿಯೋ ಹಾಲ್ ಅಂತ ಗೊತ್ತು, ಆ ಪಂಡಿತರು ಯಾರು ಅಂತ ಕೇಳಿದ್ರ ಪೂಜಾರಿ ಇರಬೇಕು ಅಂತಾರ. ಇರ್ಲಿ, ಅವರ ಪ್ಯಾನಲ್ ಇನ್ನಾ ಮಾಡ್ಸಬೇಕಾಗ್ಯದ.

ಮೊದಲ ಮಾಡ್ಸಿದ್ದು ಬಂದವರ ಪೈಕಿ ಒಬ್ಬರದು, ಸ್ವೆತೋಸ್ಲಾವ್ ರೋರಿಕ್. ನಮ್ಮ ಕಡಿ ಈ ಹೆಸರು ಕೇಳಿದವರು ಕಡಿಮಿ, ಕೇಳಿದವರಿಗೂ ಎರಡೇ ವಿಷಯ ಗೊತ್ತು, ಒಂದು ಸಿನಿಮಾ ನಟಿ ದೇವಿಕಾ ರಾಣಿ ಗಂಡ, ಎರಡು ಬೆಂಗಳೂರು ಕನಕಪುರ ರೋಡಿನಾಗ ಅವರದಿದ್ದ ತಾತಗುಣಿ ಎಸ್ಟೇಟಿನ ಕೋರ್ಟ್ ಕಚೇರಿ. ಪತ್ರಿಕಾದಾಗ ಬಂದಿದ್ದೆಲ್ಲಾ ಆಸ್ತಿ ಸುದ್ದಿನೇ. ಸುಮಾರು 470 ಎಕರೆ ಜಾಗ, ಸಣ್ಣ ಸುದ್ದಿ ಅಲ್ಲ ಬಿಡ್ರಿ, ಸರ್ಕಾರ ಅದನ್ನ ತಗೊಂಡಿದ್ದು ಬರೋಬರ್ ಅದ ಅಂತ ಸುಪ್ರೀಂ ಕೋರ್ಟ್ 2011ರಾಗ ಹೇಳಿದ ಮ್ಯಾಲೇ ತಣ್ಣಗಾತು. ಆದ್ರ ಆ ಮನುಷ್ಯ ಜೀವನ ಪೂರ್ತಿ ಬರದ ಚಿತ್ರದ ಬಗ್ಗೆ ಕೇಳಿದ್ರ ಎಲ್ಲಾರೂ ಸುಮ್ಮ. ನನಗ ಇದೇ ಸಿಟ್ಟು.

ಹುಟ್ಟಿದ್ದು 1904, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್. ಅಪ್ಪ ನಿಕೋಲಸ್ ರೋರಿಕ್ ಮೊದಲೇ ದೊಡ್ಡ ಹೆಸರಿನ ಚಿತ್ರಕಾರ, ಹಿಮಾಲಯದ ಗುಡ್ಡ ಬರದವರು ಅಂತ ನೀವು ಕೇಳಿರಬಹುದು, ಯುದ್ಧ ಆದ್ರೂ ಗುಡಿ, ಮ್ಯೂಸಿಯಂ, ಸ್ಮಾರಕ ಮುಟ್ಟಬಾರದು ಅಂತ ದೇಶಗೊಳು ಸಹಿ ಹಾಕಿದ 1935ರ ಒಪ್ಪಂದಕ್ಕ ಅವರದೇ ಹೆಸರು ಅದ. ತಾಯಿ ಹೆಲೆನಾ, ಅಣ್ಣ ಯೂರಿ ಟಿಬೆಟ್ ವಿದ್ವಾಂಸ. ಕ್ರಾಂತಿ ಟೈಮಿನಾಗ ಮನಿ ಮಂದಿ ರಷ್ಯಾದಿಂದ ಹೊರಗ ಬಿದ್ರು, ಫಿನ್ಲೆಂಡ್, ಆಮ್ಯಾಲ ಲಂಡನ್, 1920ರಾಗ ಅಮೆರಿಕಾ. ಸಣ್ಣ ಮಗ ಓದಿದ್ದು ಆರ್ಕಿಟೆಕ್ಚರ್, ಕೊಲಂಬಿಯಾ ಮತ್ತ ಹಾರ್ವರ್ಡ್‌ದಾಗ. 1923ರ ಆಖರಿಗಿ ಮೊದಲ ಸಲ ಭಾರತಕ್ಕ ಬಂದದ್ದು, ಆಮ್ಯಾಲ ಕುಲು ಕಣಿವಿಯ ನಗ್ಗರ್ ಅನ್ನೋ ಊರಾಗ ಮನಿ ಮಾಡಿದ್ರು. ಅಲ್ಲಿ ಉರುಸ್ವತಿ ಅಂತ ಒಂದು ಸಂಶೋಧನಾ ಸಂಸ್ಥೆ ನಡೆಸಿದ್ರು, ಸ್ವೆತೋಸ್ಲಾವ್ ಅವರಿಗಿ ಗಿಡಮೂಲಿಕಿ, ಟಿಬೆಟ್ ಔಷಧಿ ಕೆಲಸನೂ ಇತ್ತು. 1945ರಾಗ ದೇವಿಕಾ ರಾಣಿ ಜೋಡಿ ಮದುವಿ. ಅಕಿ ಆಗ ಬಾಂಬೆ ಟಾಕೀಸ್ ಬಿಟ್ಟು, ಸಿನಿಮಾನೇ ಬಿಟ್ಟು ಬಂದಾಕಿ, ಆಮ್ಯಾಲ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೊದಲ ಸಿಕ್ಕಿದ್ದೇ ಅಕಿಗಿ. ಅಪ್ಪ ನಿಕೋಲಸ್ 1947ರಾಗ ತೀರಿಕೊಂಡ್ರು, ಅದಾದ ಮ್ಯಾಲ ಗಂಡ ಹೆಂಡ್ತಿ ಬೆಂಗಳೂರು ಕಡಿ ಬಂದ್ರು. ತಾತಗುಣಿಯಾಗ ಲಿನಾಲೋ ಅಂತ ಒಂದು ಗಿಡ ಬೆಳದ್ರು, ಅದರಿಂದ ಸುಗಂಧದ ಎಣ್ಣಿ ಬರ್ತದ. 1961ರಾಗ ಪದ್ಮಭೂಷಣ. 1993ರ ಜನವರಿಯಾಗ ಬೆಂಗಳೂರಾಗೇ ತೀರಿಕೊಂಡ್ರು, ಮುಂದಿನ ವರ್ಷ ದೇವಿಕಾ ರಾಣಿ. ಇಬ್ಬರ ಸಮಾಧಿನೂ ಅದೇ ಎಸ್ಟೇಟಿನಾಗ ಅದ. ನಮ್ಮ ಪಂಡಿತರು ತೀರಿಕೊಂಡಿದ್ದೂ 1993ರಾಗೇ, ಇದು ಪ್ಯಾನಲ್ ಟೆಕ್ಸ್ಟ್ ಬರಿಯೋವಾಗ ಕಣ್ಣಿಗಿ ಬಿತ್ತು.

ಈಗ ಅಂಗಡಿ ಸುದ್ದಿಗಿ ಬರ್ತೀನಿ.

ನನ್ನ ಹತ್ರ ಇದ್ದದ್ದು ಬಿಡಿ ಹಾಳಿಗೊಳು. ಹೈದರಾಬಾದಿನ ಆಬಿಡ್ಸ್‌ದಾಗ ರವಿವಾರ ಫುಟ್‌ಪಾತ್ ಮ್ಯಾಲ ಹಳೇ ಪುಸ್ತಕ ಹರವಿರ್ತಾರಲ್ಲ, ಅಲ್ಲಿ ಸಿಕ್ಕಿದ್ದು, ಯಾವದೋ ಹಳೇ ಆರ್ಟ್ ಪೋರ್ಟ್‌ಫೋಲಿಯೊದಿಂದ ಕಳಚಿದ ಎ3 ಸೈಜಿನ ಪ್ರಿಂಟ್‌ಗೊಳು. ಒಂದು ದೇವಿಕಾ ರಾಣಿದು ರೋರಿಕ್ ಬರದ ಪೋರ್ಟ್ರೇಟ್. ಇನ್ನೊಂದು ದಕ್ಷಿಣದ ಕಡಿ ಹೊಲದಾಗ ದುಡಿಯೋ ಮಂದಿ, ಕೆಂಪು ಮಣ್ಣು, ಹಿಂದ ನೇರಳಿ ಬಣ್ಣದ ಗುಡ್ಡ. ದೇವಿಕಾ ರಾಣಿ ಹಾಳಿನ ಹಂಗೇ ಫ್ರೇಮ್ ಹಾಕ್ಸೋದು, ಹೊಲದ ಚಿತ್ರನ ದೊಡ್ಡದು ಮಾಡಿ ಕ್ಯಾನ್ವಾಸ್ ಮ್ಯಾಲ 24 ಇಂಚು 36 ಇಂಚು ಪ್ರಿಂಟ್ ತೆಗೆಸೋದು, ಜೋಡಿಗಿ ಜೀವನದ ಟೆಕ್ಸ್ಟ್ ಇರೋ ಸನ್‌ಬೋರ್ಡ್ (ಹಗುರ ಫೋಮ್ ಹಲಗಿ) ಪ್ಯಾನಲ್. ಮಾರಾಟಕ್ಕ ಅಲ್ಲ, ಸಾಲಿ ಗ್ವಾಡಿಗಿ.

ಕೌಂಟರಿನಾಗ ಕುಂತವರು ಹಿರಿಯರು, ಎಲ್ಲಾರೂ ಚಾಚಾ ಅಂತಾರ, ನಾನೂ ಹಂಗೇ ಅಂತೀನಿ. ದೇವಿಕಾ ರಾಣಿ ಹಾಳಿ ಬಿಚ್ಚಿ ತೋರ್ಸಿದೆ, ಒಂದ್ ನಿಮಿಷ ಸುಮ್ಮ ನೋಡಿದ್ರು, ಆಮ್ಯಾಲ ಮೆಲ್ಲಕ, "ಮಾಲಿ ಹಾಕೋ ಫೋಟೋ ಏನ್ರಿ ಮೇಡಮ್?" ಅಂತ ಕೇಳಿದ್ರು. ನನಗ ನಗು ಬಂತು ಆದ್ರ ಅವರು ಕೇಳಿದ್ದು ಕೆಲಸದ ಪ್ರಶ್ನಿನೇ, ಮಾಲಿ ಹಾಕೋ ಫೋಟೋ ಆದ್ರ ಮ್ಯಾಲ ಎರಡೂ ಕಡಿ ಮೊಳಿ ಬಿಡಬೇಕು, ಪಟ್ಟಿ ಜರಾ ಅಗಲ ಇರಬೇಕು, ಹೂವಿನ ನೀರು ಬಿದ್ದು ಕೆಡಲಾರದಂಗ ಕೆಳಗ ಸೀಲ್ ಮಾಡಬೇಕಂತ. ಇಲ್ಲ ಚಾಚಾ, ಇವರು ಹಳೇ ಕಾಲದ ಹೀರೋಯಿನ್, ಗಂಡನೇ ಬರದ ಚಿತ್ರ ಅಂದೆ. "ಗಂಡ ಬರದಾನಂದ್ರ ಮತ್ತ ಹಂಗೇ ಬರ್ತದ, ಕಣ್ಣು ನೋಡ್ರಿ ಹೆಂಗ ಇಟ್ಟಾನ" ಅಂದ್ರು. ಆ ಮಾತಿಗೇ ಅರ್ಧ ರೊಕ್ಕ ವಸೂಲ್ ಆತು ನನಗ. ಬೆಂಗಳೂರಾಗ ಕುಮಾರಕೃಪ ರೋಡಿನ ಚಿತ್ರಕಲಾ ಪರಿಷತ್ತಿನಾಗ ಅಪ್ಪ ಮಗನ ಚಿತ್ರಗೊಳ ಗ್ಯಾಲರಿನೇ ಅದ, ನಾ ನೋಡಿದ್ದು ಅಲ್ಲೇ, ಅಲ್ಲೂ ಇಷ್ಟ ಹೊತ್ತು ಒಂದು ಮುಖದ ಮುಂದ ನಿಲ್ಲೋ ಮಂದಿ ಕಡಿಮಿ.

ನಾ ಹೋಗಿದ್ದು ಬಂಗಾರ ಬಣ್ಣದ ಕಾರ್ವಿಂಗ್ ಪಟ್ಟಿ ಹಾಕ್ಸೂನು ಅಂತ. ರಾಜಮನಿ ಲುಕ್ ಬರ್ತದಲ್ಲ. ಚಾಚಾ ಒಂದು ತುಂಡು ಪಟ್ಟಿ ತಗೊಂಡು ಚಿತ್ರದ ಮೂಲಿಗಿ ಇಟ್ಟು ತೋರ್ಸಿದ್ರು, ಆಮ್ಯಾಲ ಕಪ್ಪು, ಆಮ್ಯಾಲ ವಾಲ್‌ನಟ್ ಬಣ್ಣದ ಸಾದಾ ಪಟ್ಟಿ. ಬಂಗಾರದ್ದು ಇಟ್ಟ ಕೂಡಲೇ ಸೀರಿ ಬಣ್ಣ ಸತ್ತೇ ಹೋಯ್ತು, ವಾಲ್‌ನಟ್ ಇಟ್ಟಾಗ ಮುಖ ಮುಂದ ಬಂತು. ಅವರ ಹತ್ರ ಎಲ್ಲಾ ಬಣ್ಣದ ಪಟ್ಟಿದೂ ಮೂಲಿ ಸ್ಯಾಂಪಲ್ ಅವ, ಅವಸರ ಮಾಡದೆ ಕೇಳ್ರಿ, ತೋರಸ್ತಾರ. ಇದೇ ಊರಾಗ ಬ್ಯಾರೆ ಒಂದು ಅಂಗಡ್ಯಾಗ ಕ್ಯಾಟಲಾಗ್ ಫೋಟೋ ತೋರ್ಸಿ ನಂಬರ್ ಹೇಳ್ರಿ ಅಂದಿದ್ರು, ಅಲ್ಲಿಂದ ಎದ್ದು ಬಂದಿದ್ದೆ.

ಒಂದು ಕಡಿ ಮಾತ್ರ ಜಗಳ ಆಡಬೇಕಾತು. ಒಳಗಿನ ಮಿಸ್ತ್ರಿ ಹಾಳಿನ ಹಾರ್ಡ್‌ಬೋರ್ಡಿಗಿ ಪೂರಾ ಫೆವಿಕಾಲ್ ಹಚ್ಚಿ ಅಂಟಸ್ಲಿಕ್ಕ ತಯಾರಾಗಿ ನಿಂತಿದ್ದ. ಮದುವಿ ಫೋಟೋ, ಸನ್ಮಾನ ಪತ್ರಕ್ಕ ಹಂಗೇ ಮಾಡ್ತಾರ, ಸುಕ್ಕು ಬರಲ್ಲ ಅಂತ. ಆದ್ರ ಹಳೇ ಹಾಳಿ ಒಮ್ಮೆ ಅಂಟ್ತು ಅಂದ್ರ ಮತ್ತ ಜೀವನದಾಗ ಬಿಚ್ಚಲಿಕ್ಕ ಬರಲ್ಲ, ಹಿಂದಿನ ಬೋರ್ಡಿನ ಆಸಿಡ್ ಹತ್ತಿ ಹಳದಿ ಆಗ್ತದ. ಮ್ಯಾಲ ಬರೇ ಎರಡು ಕಡಿ ತೆಳು ಹಾಳಿ ಪಟ್ಟಿ ಹಚ್ಚಿ ತೂಗಬಿಡ್ರಿ, ಕೆಳಗ ಸಡಿಲ ಇರ್ಲಿ ಅಂದೆ. ಮಿಸ್ತ್ರಿ ಮುಖ ಸಣ್ಣದ ಮಾಡ್ದ, ಚಾಚಾ ಮಾತ್ರ ಮಾಡು ಮಾಡು, ಮೇಡಮ್ ಮಾಲ್ ಅದು ಅಂದ್ರು. ಮೌಂಟ್ ಬೋರ್ಡ್, ಅಂದ್ರ ಚಿತ್ರದ ಸುತ್ತ ಅಂಚಿಗಿ ಹಾಕೋ ದಪ್ಪ ರಟ್ಟು, ಮಾತ್ರ ನಾ ಕೇಳದೆ ಅವರೇ ಹಾಕಿದ್ರು, ಎರಡೂವರಿ ಇಂಚು, ಕೆನಿ ಬಣ್ಣದ್ದು. ಕಾಜಿಗಿ ಹಾಳಿ ತಾಗಬಾರದಂತ, ಮಳಿಗಾಲದಾಗ ಒಳಗ ಹಸಿ ಕುಂತು ಬಣ್ಣ ಕಾಜಿಗಿ ಹತ್ತಿಬಿಡ್ತದ, ಮೌಂಟ್ ಇದ್ರ ನಡುವ ಗಾಳಿ ಇರ್ತದ. ಇದು ಗೊತ್ತಿರೋ ಅಂಗಡಿ ನಮ್ಮ ಕಡಿ ಭಾಳ ಇಲ್ಲ. ಮೂಲಿ ಕೊಯ್ತ ನೋಡ್ರಿ, 45 ಡಿಗ್ರಿ ಬರೋಬರ್, ಉಗುರು ಹೋಗಲ್ಲ ಸಂದಿನಾಗ. ಹಿಂದ ಪೂರಾ ಟೇಪ್ ಹಚ್ಚಿ ಸೀಲ್ ಮಾಡ್ಯಾರ, ಹಾಳಿ ತಿನ್ನೋ ಬೆಳ್ಳಿ ಹುಳ ಒಳಗ ಹೋಗಲಾರದಂಗ. ಗ್ಲೇರ್ ಇಲ್ಲದ ಕಾಜು ಕೇಳಿದ್ರ ತರಸ್ಕೊಡ್ತಾರ, ಸಾದಾ ಕಾಜಿನಕಿಂತ ಡಬಲ್ ರೇಟ್, ವರಾಂಡದಾಗ ಎದುರಿಗಿ ಬಿಸಲು ಅದ ಅಂತ ನಾ ಅದನ್ನೇ ಹಾಕ್ಸಿದೆ. ಛಲೋ ಆತು. ಸಾದಾ ಹಾಕ್ಸಿದ್ರ ಹುಡುಗರು ದೇವಿಕಾ ರಾಣಿ ಬಿಟ್ಟು ತಮ್ಮ ಮುಖನೇ ನೋಡ್ಕೋತ ಬಾಚಿಕೊಂತಿದ್ರು.

ಮ್ಯಾಲಿನ ಮಾಳಿಗಿಗಿ ಹೋದ್ರ ಕಥಿ ಬ್ಯಾರೆ.

ಅಲ್ಲಿ ಚಾಚಾನ ಮಗ, ಕಂಪ್ಯೂಟರ್, ಸ್ಕ್ಯಾನರ್, ದೊಡ್ಡ ಪ್ರಿಂಟರ್. ಹುಡುಗ ಶಾಣ್ಯಾ, ಆದ್ರ ದಿನಾ ಬರ್ತ್‌ಡೇ ಬ್ಯಾನರ್, ಲೀಡರ್ ಫೋಟೋ ಮಾಡಿ ಮಾಡಿ ಕೈಗಿ ಒಂದು ರೂಢಿ ಬಿದ್ದದ, ಯಾವ ಮುಖ ಬಂದ್ರೂ ಬೆಳ್ಳಗ ಮಾಡೋದು. ಇಲ್ಲೇ ನಾ ಹೇಳಬೇಕಾದ ಮುಖ್ಯ ವಿಷಯ ಇರೋದು. ಪ್ರಿಂಟ್ ಅಂಗಡಿ ಛಲೋ ಅದೋ ಇಲ್ಲೋ ನೋಡಬೇಕಂದ್ರ ಗುಡ್ಡ, ನದಿ, ಹೂವಿನ ಚಿತ್ರ ಕೊಡಬ್ಯಾಡ್ರಿ. ಗಿಡದ ಹಸರು ಜರಾ ಹೆಚ್ಚು ಕಡಿಮಿ ಆದ್ರ ಯಾರಿಗೂ ಗೊತ್ತಾಗಲ್ಲ. ಮನುಷ್ಯಾರ ಚಿತ್ರ ಕೊಡ್ರಿ, ಮೈ ಬಣ್ಣ ಒಂದು ಕೂದಲ ಎಳಿ ತಪ್ಪಿದ್ರೂ ನಮ್ಮ ಕಣ್ಣು ಹಿಡೀತದ. ಅದರಾಗ ರೋರಿಕ್ ಅಂಥವರದು ಇನ್ನಾ ಕಠಿಣ, ಯಾಕಂದ್ರ ಅವರು ಮೈ ಬಣ್ಣನ ಮೈ ಬಣ್ಣದಾಗ ಬರದವರೇ ಅಲ್ಲ. ಬೆಳಕು ಬಿದ್ದಲ್ಲಿ ಕಿತ್ತಳಿ, ನೆರಳಿನಾಗ ನೇರಳಿ, ಹಿಂದಿನ ಆಕಾಶದ ಬಣ್ಣನೇ ಕೆನ್ನಿ ಮ್ಯಾಲ ಬಂದಿರ್ತದ. ಹೊಲದಾಗ ದುಡಿಯೋ ಹೆಣ್ಣಮಗಳ ತೋಳು ಮಣ್ಣಿನ ಕೆಂಪಿನಾಗೇ ಇರ್ತದ. ಮನುಷ್ಯನ್ನೂ ಭೂಮಿನೂ ಬ್ಯಾರೆ ಮಾಡಿ ನೋಡದವರು ಅವರು. ಟೆಂಪೆರಾ ಅಂತ ಮೊಟ್ಟಿ ಅಥವಾ ಅಂಥದೇ ಬ್ಯಾರೆ ಅಂಟಿನಾಗ ಬಣ್ಣದ ಪುಡಿ ಕಲಸಿ ಬರಿಯೋ ಹಳೇ ಪದ್ಧತಿ ಅದ, ಅಪ್ಪನಿಂದ ಬಂದ ಕೈ ಅದು, ಎಣ್ಣಿ ಬಣ್ಣದ ಮಿಂಚು ಅದರಾಗ ಇರಲ್ಲ, ಒಣ ಒಣ ಕಾಣ್ತದ ಆದ್ರ ಒಳಗಿಂದ ಬೆಳಕು ಬರ್ತದ.

ಮೊದಲನೇ ಪ್ರೂಫ್ ವಾಟ್ಸಾಪಿಗಿ ಬಂತು. ನೋಡಿ ಗಾಬರಿ ಆದೆ. ಹೊಲದಾಗ ಬಿಸಲಿಗಿ ದುಡಿಯೋ ಮಂದಿ ಎಲ್ಲಾ ಫೇರ್‌ನೆಸ್ ಕ್ರೀಮಿನ ಜಾಹೀರಾತಿಗಿ ಬಂದವರಂಗ ಗುಲಾಬಿ ಆಗಿ ನಿಂತಾರ! ಏನ್ ಮಾಡ್ದಿ ತಮ್ಮಾ ಅಂದ್ರ, "ಮೇಡಮ್ ಮುಖದ ಮ್ಯಾಲ ನೇರಳಿ ಕಲಿ ಬಿದ್ದಿದ್ವು, ಹಳೇ ಪ್ರಿಂಟ್ ಅಲ್ಲ, ಕೆಟ್ಟದ ಅಂತ ಕ್ಲೀನ್ ಮಾಡೀನಿ" ಅಂದ. ಪಾಪ, ಬಿಲ್ಲಿನಾಗ ಅದಕ್ಕ ಎಕ್ಸ್‌ಟ್ರಾ ಹಾಕಿರ್ಲಿಲ್ಲ, ಪ್ರೀತಿಲೇ ಮಾಡಿದ್ದ. ಆ ನೇರಳಿನೇ ಚಿತ್ರ ಅಪ್ಪಾ, ಅದನ್ನ ತೆಗದ್ರ ಏನ್ ಉಳೀತು ಅಂತ ಕುಂದ್ರಿಸಿ ಹೇಳಿದೆ. ಕೇಳಿದ. ಅದು ಅವನ ಪ್ಲಸ್ ಪಾಯಿಂಟ್, ಮಾರಿ ತಿರುವಲಿಲ್ಲ.

ಎರಡನೇ ತೊಂದ್ರಿ ಚುಕ್ಕಿದು. ಛಾಪಿಸಿದ ಹಾಳಿನ ಸ್ಕ್ಯಾನ್ ಮಾಡಿದ್ರ ಆಫ್‌ಸೆಟ್ ಪ್ರಿಂಟಿನ ಸಣ್ಣ ಸಣ್ಣ ಚುಕ್ಕಿ ಎಲ್ಲಾ ಬರ್ತಾವ, ದೊಡ್ಡದು ಮಾಡಿದ್ರ ಮುಖದ ತುಂಬ ಜಾಳಿಗಿ. ಸ್ಕ್ಯಾನರಿನಾಗ ಈ ಚುಕ್ಕಿ ಅಳಿಸೋ ಡಿಸ್ಕ್ರೀನ್ ಅಂತ ಆಪ್ಶನ್ ಇರ್ತದ, ಅದನ್ನ ಹಾಕಿ 600 ಡಿಪಿಐದಾಗ (ಇಂಚಿಗಿ 600 ಬಿಂದು) ತೆಗಿ ಅಂದೆ, ಎ3 ಹಾಳಿ ಡಬಲ್ ದೊಡ್ಡದು ಮಾಡಿದ್ರೂ 300 ಉಳೀತದ, ಸಾಕು. ಅವರ ಸ್ಕ್ಯಾನರ್ ಎ4, ಅದಕ್ಕ ಎರಡು ತುಂಡು ಸ್ಕ್ಯಾನ್ ಮಾಡಿ ಜೋಡಿಸಿದ. ಜೋಡಿಸಿದ ಗೆರಿ ಈಗ ಹುಡುಕಿದ್ರೂ ಸಿಗಲ್ಲ, ಅದಕ್ಕ ಫುಲ್ ಮಾರ್ಕ್ಸ್.

ಮೂರನೇದು ಮಾತ್ರ ಅವನ ಕೈಯಾಗೂ ಇರ್ಲಿಲ್ಲ. ನೇರಳಿ ಗುಡ್ಡ ನೀಲಿ ಬಂತು. ನಾಲ್ಕೇ ಇಂಕಿನ ಮಷೀನ್, ಸಯಾನ್, ಮೆಜೆಂಟಾ, ಯೆಲ್ಲೋ, ಕಪ್ಪು. ಸ್ಕ್ರೀನ್ ಮ್ಯಾಲ ಕಾಣೋ ಗಾಢ ನೇರಳಿ ಈ ನಾಲ್ಕರಾಗ ಕೂಡೋದು ಕಠಿಣ, ನೀಲಿ ಕಡಿ ಜಾರಿಬಿಡ್ತದ. ಇದು ಬರೇ ಈ ಅಂಗಡಿದಲ್ಲ, ಬ್ಯಾನರ್ ಮಷೀನ್ ಇದ್ದ ಎಲ್ಲಾ ಕಡಿ ಇದೇ ಹಾಡು. ಆರು ಎಂಟು ಇಂಕಿನ ಫೋಟೋ ಪ್ರಿಂಟರ್ ಬೇಕಂದ್ರ ಹೈದರಾಬಾದ್ ಇಲ್ಲಾ ಬೆಂಗಳೂರಿಗಿ ಫೈಲ್ ಕಳಸಬೇಕು. ಪೂರಾ ಪ್ರಿಂಟ್ ತೆಗಿಯೋ ಮೊದಲ ಮುಖ ಮತ್ತ ಗುಡ್ಡ ಎರಡೂ ಇರೋ ಒಂದು ಪಟ್ಟಿ ಅಷ್ಟೇ ಕ್ಯಾನ್ವಾಸ್ ಮ್ಯಾಲ ತೆಗದು ತೋರ್ಸು ಅಂದೆ, ಮೊದಲ ಇಲ್ಲ ಅಂದ, ಆಮ್ಯಾಲ ಅರ್ಧ ರೇಟಿಗಿ ಒಪ್ಪಿದ. ಮೆಜೆಂಟಾ ಜರಾ ಏರಿಸಿ ತೆಗದ. ಗುಡ್ಡ ಸುಧಾರಿಸಿತು, ಆದ್ರ ಮಣ್ಣು ಹೆಚ್ಚು ಕೆಂಪಾತು. ಮಣ್ಣು ತಡಕೊಂಡೆ, ಮುಖ ಉಳೀತಲ್ಲ ಅಂತ. ನೀವೂ ಹೋದ್ರ ಟೆಸ್ಟ್ ಪಟ್ಟಿ ಕೇಳದೆ ಪ್ರಿಂಟ್ ಹಾಕಿಸಬ್ಯಾಡ್ರಿ, ಕೇಳಿದ್ರ ಮಾತ್ರ ಮಾಡ್ತಾರ, ತಾವಾಗಿ ಹೇಳಲ್ಲ.

ಕ್ಯಾನ್ವಾಸ್ ಎಳದು ಕಟ್ಟಿದ್ದು ಮತ್ತ ಕೆಳಗಿನ ಮಿಸ್ತ್ರಿನೇ, ಅಲ್ಲಿ ದೂಸ್ರಾ ಮಾತಿಲ್ಲ. ಒಳಗಿನ ಕಟ್ಟಿಗಿ ಚೌಕಟ್ಟಿನ ಮೂಲಿಗಿ ಕೀಲಿ ಅಂತ ಸಣ್ಣ ಬೆಣಿ ಕೊಟ್ಟಾನ, ನಮ್ಮ ಬ್ಯಾಸಗಿ ಹೊಡತಕ್ಕ ಕ್ಯಾನ್ವಾಸ್ ಸಡಿಲ ಆದ್ರ ಕೀಲಿ ಎರಡು ಏಟು ಹೊಡದ್ರ ಮತ್ತ ಬಿಗಿ ಆಗ್ತದ. ಮೇ ತಿಂಗಳದಾಗ 42, 43 ಡಿಗ್ರಿ ನೋಡೋ ಊರಿಗಿ ಇದು ಬೇಕೇ ಬೇಕು. ಇದೇ ಬಿಸಲಿನ ಸಲುವಾಗಿ ಸನ್‌ಬೋರ್ಡ್ 3 ಎಂಎಂ ಬ್ಯಾಡ, 5 ಎಂಎಂ ತಗೋರಿ ಅಂತ ಚಾಚಾನೇ ಹೇಳಿದ್ರು, ತೆಳುದು ಒಂದು ಬ್ಯಾಸಗಿನಾಗ ಡೊಂಕ ಆಗ್ತದಂತ. ರೇಟ್ ಹೆಚ್ಚು ಹೇಳ್ಲಿಕ್ಕ ಹಂಗಂತಾರ ಅಂತ ನಮ್ಮ ಕ್ಲರ್ಕ್ ಅಂದ್ರು, ಆಫೀಸಿನ ಮುಂದಿನ ಹಳೇ 3 ಎಂಎಂ ಬೋರ್ಡ್ ತೋರ್ಸಿದೆ, ಅದು ಹಪ್ಪಳ ಆಗಿ ಕುಂತಿತ್ತು, ಸುಮ್ಮಾದ್ರು.

ಪ್ಯಾನಲ್ ಟೈಪಿಂಗ್ ಬಗ್ಗೆ ಒಂದು ಮಾತು. ಕನ್ನಡ ಟೈಪ್ ಮಾಡ್ಲಿಕ್ಕ ಒಬ್ಬ ಹುಡುಗಿ ಬರ್ತಾಳ ಸಂಜಿಗಿ, ಭಾಳ ಚುರುಕು, ಒತ್ತಕ್ಷರ ತಪ್ಪಲ್ಲ. ಆದ್ರ ಫೈಲ್ ಕೊಡೋವಾಗ ನುಡಿ ಫಾಂಟಿನಾಗ ಕೊಡ್ರಿ, ಯೂನಿಕೋಡ್ ಕೊಟ್ರ ಅವರ ಹಳೇ ಸಾಫ್ಟ್‌ವೇರ್ ಅಕ್ಷರ ಒಡಿತದ. ಟೈಪ್ ಮಾಡ್ತಾ ಮಾಡ್ತಾ ಅಕಿಗೇ ಕಥಿ ಹಿಡಿತು. ರಷ್ಯಾ ಬಿಟ್ಟು ಹೋದವರಿಗಿ ಮತ್ತ ರಷ್ಯಾದಾಗ ಮರ್ಯಾದಿ ಸಿಕ್ತಾ ಮೇಡಮ್ ಅಂತ ಕೇಳಿದ್ಲು. ಸಿಕ್ತು, 1960ರಾಗ ಮಾಸ್ಕೋ, ಲೆನಿನ್‌ಗ್ರಾಡ್ ಎರಡೂ ಕಡಿ ಅವರ ಪ್ರದರ್ಶನ ಆತು, ಇಂಡಿಯಾದಿಂದ ತಗೊಂಡು ಹೋದ ಚಿತ್ರಗೊಳು, ಹುಟ್ಟಿದ ಊರಿಗಿ ವಾಪಸ್. ಮತ್ತ ಇಲ್ಲಿ? ಇಲ್ಲಿ ದಿಲ್ಲಿ ಹಳೇ ಸಂಸತ್ ಭವನದ ಸೆಂಟ್ರಲ್ ಹಾಲಿನಾಗ ನೆಹರೂ ಅವರ ಚಿತ್ರ ಅದಲ್ಲ, 1966ರಾಗ ಅನಾವರಣ ಆಗಿದ್ದು, ಅದು ಇವರು ಬರದದ್ದೇ. ಅದು ಗೊತ್ತಾದ ಮ್ಯಾಲ ಆ ಸಾಲಿನ ಫಾಂಟ್ ಸೈಜ್ ತಾನೇ ಎರಡು ಪಾಯಿಂಟ್ ಹೆಚ್ಚು ಮಾಡಿದ್ಲು. ನಾ ಕಡಿಮಿ ಮಾಡು ಅನ್ನಲಿಲ್ಲ. ಖರೆ ಹೇಳಬೇಕಂದ್ರ ನನಗ ನೆಹರೂ ಚಿತ್ರದಕಿಂತ, ಯುದ್ಧದ ಹೊತ್ತಿನಾಗ ಅವರು ಬರದ ಹ್ಯುಮ್ಯಾನಿಟಿ ಕ್ರೂಸಿಫೈಡ್ ಅನ್ನೋ ಮೂರು ಭಾಗದ ಚಿತ್ರ ದೊಡ್ಡದು ಅನಸ್ತದ, ಮನುಷ್ಯ ಜಾತಿನೇ ಶಿಲುಬಿಗೇರಿಸಿದಂಗ. ಆದ್ರ ಆರನೇ ಇಯತ್ತಾ ಹುಡುಗರ ವರಾಂಡಕ್ಕ ಅದು ಜರಾ ಭಾರ ಆಗ್ತದ ಅಂತ ಬಿಟ್ಟೆ.

ಪಂಡಿತರನ್ನೂ ರೋರಿಕ್ ಅವರನ್ನೂ ಒಂದೇ ಗ್ವಾಡಿಗಿ ಹಾಕ್ತೀನಿ ಅಂದಾಗ ನನ್ನ ಆರ್ಟ್ ದೋಸ್ತ್ ಒಬ್ಬರು ಮೂಗು ಮುರದ್ರು, ಒಬ್ಬರು ಕ್ಯಾಲೆಂಡರ್, ಒಬ್ಬರು ಫೈನ್ ಆರ್ಟ್, ಹೆಂಗ ಕೂಡ್ತದ ಅಂತ. ಕೂಡ್ತದ. ಇಬ್ಬರೂ ಮನುಷ್ಯಾರ ಮೈ ಬರದವರು, ಅವರ ಕಾಲದ ದೊಡ್ಡ ದೊಡ್ಡವರು ಅಬ್ಸ್ಟ್ರ್ಯಾಕ್ಟ್ ಕಡಿ ಹೊಂಟಾಗೂ ಮುಖ ಬಿಡಲಿಲ್ಲ. ಪಂಡಿತರ ಭೀಮನ ಸ್ನಾಯು, ರೋರಿಕ್ ಅವರ ರೈತನ ಬಗ್ಗಿದ ಬೆನ್ನು, ಎರಡೂ ಹುಡುಗರಿಗಿ ಫಿಗರ್ ಡ್ರಾಯಿಂಗ್ ಕಲಿಸ್ಲಿಕ್ಕ ಬೇಕು ನನಗ. ಫೈನ್ ಆರ್ಟ್ ಅಂತ ಮೂಗು ಮುರಿಯೋರು ತಮ್ಮ ಮನಿ ದೇವರ ಕೋಣಿಗಿ ಹೋಗಿ ಗ್ವಾಡಿ ನೋಡ್ಕೊಳ್ಳಿ ಒಮ್ಮೆ.

ರೊಕ್ಕದ ವಿಷಯ. ಕ್ಯಾನ್ವಾಸ್ ಪ್ರಿಂಟ್ ಚದರ ಫೂಟಿಗಿ 180 ರೂಪಾಯಿ ಹಿಡಿದ್ರು, ನಂದು 6 ಚದರ ಫೂಟ್. ಎಳದು ಕಟ್ಟೋದು ಬ್ಯಾರೆ. ಪಟ್ಟಿ ರನ್ನಿಂಗ್ ಫೂಟಿಗಿ 120ರಿಂದ ಶುರು, ಸಾಗವಾನಿ ಬೇಕಂದ್ರ ಡಬಲ್ ಮ್ಯಾಲ. ಕ್ಯಾನ್ವಾಸಿಗಿ 11 ಫೂಟ್ ಬಿಲ್ ಹಾಕಿದ್ರು, ಸುತ್ತಳತಿ 10 ಫೂಟ್ ಆಗಬೇಕಲ್ಲ ಅಂತ ನಮ್ಮ ಕ್ಲರ್ಕ್ ತಕರಾರು ತೆಗದ್ರು, ಆದ್ರ ಒಂದೂವರಿ ಇಂಚಿನ ಪಟ್ಟಿ ನಾಲ್ಕೂ ಮೂಲಿಗಿ ಓರಿ ಕೊಯ್ಯೋವಾಗ ಒಂದು ಫೂಟ್ ಹೋಗೇ ಹೋಗ್ತದ, ಲೆಕ್ಕ ಬರೋಬರ್ ಅದ. ಜಿಎಸ್‌ಟಿ ಬಿಲ್ ಕೇಳಿದ್ರ ಕೊಡ್ತಾರ, ಸಾಲಿ ಆಡಿಟಿಗಿ ಬೇಕಾಗ್ತದಲ್ಲ. ಬ್ಯಾರೆ ಕಡಿದಕಿಂತ ಪಟ್ಟಿ ರೇಟ್ ಜರಾ ಹೆಚ್ಚು ಅನಸ್ತದ, ಕೆಲಸ ನೋಡಿದ ಮ್ಯಾಲ ಅನಸಲ್ಲ. ಪ್ರಿಂಟ್ ರೇಟ್ ಮಾತ್ರ ಆ ಕ್ವಾಲಿಟಿಗಿ ಹೆಚ್ಚೇ.

ಟೈಮ್. ಒಂದು ವಾರ ಅಂದ್ರು. ನಾ ಕೊಟ್ಟಿದ್ದು ಶರಣಬಸವೇಶ್ವರ ಜಾತ್ರಿ ಮುಂದಿನ ದಿನಗೊಳಾಗ. ಆಗ ಅಂಗಡಿ ತುಂಬ ಶರಣಬಸಪ್ಪಪ್ಪನ ಫೋಟೋ ಆರ್ಡರ್, ಅದು ಮುಗಿಯೋದರಾಗ ಏಪ್ರಿಲ್ 14ರ ಜಯಂತಿ ಆರ್ಡರ್, ಫೋನ್ ಹಚ್ಚಿದ್ರ ನಾಳಿ ಮೇಡಮ್, ನಾಡಿದ್ದು ಮೇಡಮ್. ಒಂದು ಸಲ ಫ್ರೇಮ್ ತಯಾರ್ ಅದ ಬರ್ರಿ ಅಂತ ಕರದು, ಹೋದ ಮ್ಯಾಲ ಕಾಜು ಬರಬೇಕ್ರಿ ಅಂದ್ರು. ಇದಕ್ಕ ಮಾತ್ರ ಕ್ಷಮಾ ಇಲ್ಲ, ಆಟೋ ರೊಕ್ಕ ಯಾರ್ ಕೊಡ್ತಾರ? ಮಾರ್ಚ್, ಏಪ್ರಿಲ್ ಬಿಟ್ಟು ಹೋಗ್ರಿ. ಮೇ ಕಡೀಕೂ ಬ್ಯಾಡ, ರಿಟೈರ್ಮೆಂಟ್ ಸನ್ಮಾನದ ಫ್ರೇಮಿಗಿ ಸರ್ಕಾರಿ ಆಫೀಸಿನವರು ಸಾಲು ಹಚ್ಚಿರ್ತಾರ. ಶುಕ್ರವಾರ ಮಧ್ಯಾಹ್ನ ನಮಾಜಿಗಿ ಬಂದ್ ಮಾಡ್ತಾರ, ಮೂರಕ್ಕ ತೆಗೀತಾರ. ದೊಡ್ಡ ಫ್ರೇಮ್ ಇದ್ರ ಮನಿ ತನ ಮುಟ್ಟಿಸ್ತಾರ, ಹುಡುಗ ಸ್ಕೂಟಿ ಮ್ಯಾಲ ತರ್ತಾನ, ನೋಡಿದ್ರ ಎದಿ ಝಲ್ ಅಂತದ, ಆಟೋದಾಗ ನೀವೇ ತಗೊಂಡು ಹೋಗೋದು ಛಲೋ.

ಪಂಡಿತರ ಪ್ಯಾನಲ್ಲಿಗಿ ನಾ ಏನ್ ಮಾಡ್ಬೇಕಂತೀನಿ ಅಂದ್ರ, ಪ್ರಿಂಟ್ ಹೈದರಾಬಾದಿನಾಗ ತೆಗೆಸಿ ರೋಲ್ ಮಾಡಿ ತರೋದು, ಎಳಿಯೋದು, ಪಟ್ಟಿ, ಕಾಜು ಎಲ್ಲಾ ಚಾಚಾ ಹತ್ರನೇ. ಹೇಳಿದೆ ಅವರಿಗಿ ಮುಖದ ಮ್ಯಾಲೇ. ಬ್ಯಾಸರ ಮಾಡ್ಕೊಳ್ಳಲಿಲ್ಲ, "ತರ್ರಿ, ಆದ್ರ ಸುತ್ತ ಎರಡು ಇಂಚು ಖಾಲಿ ಕ್ಯಾನ್ವಾಸ್ ಬಿಡಸ್ಕೊಂಡು ಬರ್ರಿ, ಇಲ್ಲಂದ್ರ ಎಳಿಯೋವಾಗ ಪಂಡಿತರ ದೇವರ ಕೈ ಮಡಚಿ ಹಿಂದ ಹೋಗ್ತದ" ಅಂದ್ರು. ಪಂಡಿತರ ಹೆಸರು ಅವರಿಗಿ ಗೊತ್ತಿತ್ತು, ಅವರ ಕ್ಯಾಲೆಂಡರ್ ದೇವರಿಗಿ ಈ ಅಂಗಡ್ಯಾಗ ಅದೆಷ್ಟ ಕಾಜು ಹಾಕ್ಯಾರೋ.

ಫ್ರೇಮಿಗಿ ಐದಕ್ಕ ಐದು. ಪ್ರಿಂಟಿಗಿ ಎರಡೂವರಿ. ಟೈಮಿಗಿ ಒಂದು, ಅದೂ ಚಾ ಕುಡಿಸಿದ್ದಕ್ಕ. ಗಾಡಿ ಗಲ್ಲಿ ಒಳಗ ತರಬ್ಯಾಡ್ರಿ, ಸೂಪರ್ ಮಾರ್ಕೆಟ್ ಕಡಿನೇ ಹಚ್ಚಿ ನಡ್ಕೋತ ಹೋಗ್ರಿ.